ಪಕ್ಷವಿಲ್ಲದವರ ಪಟ್ಟು

ಪಕ್ಷೇತರ ಸದಸ್ಯ ಎಂದ ಕೂಡಲೇ ನಮಗೆ ನೆನಪಾಗುವುದು ಸರ್ಕಾರಗಳು ಅಲುಗಾಡುವ ದಿನಗಳು. ಬಹುಮತಕ್ಕೆ ಒಂದೆರಡು ಸ್ಥಾನ ಕಡಿಮೆ ಬಿದ್ದಾಗ ಪಕ್ಷೇತರರ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ಸರ್ಕಾರ ನೆಲೆಗೊಂಡ ಮೇಲೆ ಮರೆಯಾಗುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಬೇರೆ ಬಗೆಯ ಪಕ್ಷೇತರರ ವಿಚಾರ. ಅವರಿಂದಾಗಿ ಯಾವ ಸರ್ಕಾರವೂ ಬೀಳಲಿಲ್ಲ, ಯಾವುದೂ ಉಳಿಯಲಿಲ್ಲ. ಅವರು ತಂದ ಮಸೂದೆಗಳಲ್ಲಿ ಬಹುಪಾಲು ಸೋತವು. ಹಾಗಿದ್ದೂ ಆ ಸದನದಲ್ಲಿ ಅವರಷ್ಟು ಕೆಲಸ ಮಾಡಿದವರು ಕಡಿಮೆ ಎಂದು ನಾನು ನಂಬಿದ್ದೇನೆ. ಆ ಸದನ ಐರ್ಲೆಂಡಿನ ಸಂಸತ್ತಿನ ಮೇಲ್ಮನೆ. ಐರಿಷ್ ಭಾಷೆಯಲ್ಲಿ ಅದನ್ನು ಶಾನಡ್ ಎನ್ನುತ್ತಾರೆ.

ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಸತತವಾಗಿ ಕೂತವರು ಡೇವಿಡ್ ನಾರಿಸ್. 1987ರಲ್ಲಿ ಒಳಗೆ ಬಂದವರು 2024ರ ಜನವರಿಯಲ್ಲಿ ನಿವೃತ್ತರಾದರು. ಮೂವತ್ತಾರು ವರ್ಷಕ್ಕೂ ಮಿಕ್ಕಿ, ಒಂದು ಚುನಾವಣೆಯ ಮೇಲೆ ಮತ್ತೊಂದನ್ನು ಗೆಲ್ಲುತ್ತ, ಯಾವ ಪಕ್ಷದ ಬಾಗಿಲಿಗೂ ಹೋಗದೆ ಅವರು ಅಲ್ಲಿದ್ದರು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು, ಜೇಮ್ಸ್ ಜಾಯ್ಸ್ ಬರಹಗಳನ್ನು ಆಳವಾಗಿ ಓದಿದ ವಿದ್ವಾಂಸರು, ಊರಿನ ಹಳೆಯ ಬೀದಿಗಳ ಮನೆಗಳನ್ನು ಕೆಡವಬಾರದೆಂದು ಓಡಾಡಿದವರು. ಅವರ ಕೆಲಸ ಅರ್ಥವಾಗಬೇಕಾದರೆ ಅವರಿಗಿಂತ ಮುಂಚೆ ಅದೇ ಸಾಲಿನಲ್ಲಿ ಕೂತ ಇನ್ನಿಬ್ಬರ ಕೆಲಸವೂ ಗೊತ್ತಿರಬೇಕು. ಅದಕ್ಕೂ ಮುಂಚೆ, ಪಕ್ಷವಿಲ್ಲದ ಒಬ್ಬ ವ್ಯಕ್ತಿ ಇಷ್ಟು ಕಾಲ ಗೆಲ್ಲಲು ಸಾಧ್ಯವಾದದ್ದು ಹೇಗೆ ಎಂಬುದನ್ನು ಹೇಳಿಬಿಡುತ್ತೇನೆ.

ಶಾನಡ್‌ನಲ್ಲಿ 60 ಸ್ಥಾನ. 11 ಮಂದಿಯನ್ನು ಪ್ರಧಾನಿ ನೇಮಿಸುತ್ತಾರೆ. 43 ಮಂದಿಯನ್ನು ಶಾಸಕರೂ ಸ್ಥಳೀಯ ಸಂಸ್ಥೆಗಳ ಸದಸ್ಯರೂ ಆರಿಸುತ್ತಾರೆ. ಅಲ್ಲಿ ಬಹುಮಟ್ಟಿಗೆ ನಡೆಯುವುದು ಪಕ್ಷದ ಲೆಕ್ಕಾಚಾರವೇ. ಉಳಿದ ಆರು ಸ್ಥಾನಗಳಿಗೆ ಇಷ್ಟು ಕಾಲ ಮತ ಹಾಕುತ್ತ ಬಂದವರು ಪದವೀಧರರು: ಮೂರು ಸ್ಥಾನ ನ್ಯಾಷನಲ್ ಯೂನಿವರ್ಸಿಟಿಯವರಿಗೆ, ಮೂರು ಟ್ರಿನಿಟಿಯವರಿಗೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರ ಕ್ಷೇತ್ರಗಳಿಗೆ, ಏಳು ಶಿಕ್ಷಕರ ಕ್ಷೇತ್ರಗಳಿಗೆ ಸೇರಿರುವುದರಿಂದ ಕರ್ನಾಟಕದವರಿಗೆ ಈ ಏರ್ಪಾಡು ಹೊಸದಲ್ಲ. ನಮ್ಮಲ್ಲಿ ಆ ಕ್ಷೇತ್ರಗಳಿಗೂ ಪಕ್ಷಗಳೇ ಟಿಕೆಟ್ ಹಂಚುತ್ತವೆ. ಐರ್ಲೆಂಡಿನ ವಿಶ್ವವಿದ್ಯಾಲಯದ ಸ್ಥಾನಗಳಲ್ಲಿ, ಅದರಲ್ಲೂ ಟ್ರಿನಿಟಿಯ ಮೂರರಲ್ಲಿ, ಪಕ್ಷೇತರರನ್ನು ಕಳಿಸುವ ರೂಢಿ ಬೆಳೆದು ಬಂತು. ಮತದಾನ ಅಂಚೆಯಲ್ಲಿ ನಡೆಯುತ್ತಿತ್ತು. ಮತದಾರ ಯಾವ ದೇಶದಲ್ಲಿದ್ದರೂ ಸರಿ, ಐರ್ಲೆಂಡಿನ ಪ್ರಜೆಯಾಗಿದ್ದು ಪದವಿ ಪಡೆದಿದ್ದರೆ ಲಕೋಟೆ ಮನೆಗೆ ಬರುತ್ತಿತ್ತು. ಮನೆಮನೆಗೆ ತಿರುಗುವ ಕಾರ್ಯಕರ್ತರ ಪಡೆ ಅಲ್ಲಿ ಬೇಕಿರಲಿಲ್ಲ. ಅಭ್ಯರ್ಥಿ ತಾನು ಏನು ಮಾಡಿದ್ದೇನೆ, ಮುಂದೆ ಏನು ಮಾಡುತ್ತೇನೆ ಎಂದು ಒಂದು ಕಾಗದದಲ್ಲಿ ಬರೆದು ಕಳಿಸಿದರೆ ಕೆಲಸ ನಡೆಯುತ್ತಿತ್ತು.

ನಾರಿಸ್ ಅವರಿಗಿಂತ ಮುಂಚೆ ಕೂತ ಆ ಇಬ್ಬರಲ್ಲಿ ಮೊದಲನೆಯವರು ಓವೆನ್ ಷೀಹಿ ಸ್ಕೆಫಿಂಗ್ಟನ್. ಟ್ರಿನಿಟಿಯ ಫ್ರೆಂಚ್ ಅಧ್ಯಾಪಕರು. ಅವರ ತಂದೆ ಫ್ರಾನ್ಸಿಸ್ ಶಾಂತಿವಾದಿ. ಬ್ರಿಟಿಷರ ವಿರುದ್ಧ ನಡೆದ 1916ರ ಬಂಡಾಯದ ದಿನಗಳಲ್ಲಿ ಡಬ್ಲಿನ್ ಬೀದಿಗಳಲ್ಲಿ ಲೂಟಿ ತಡೆಯಲು ಹೋಗಿದ್ದ ಅವರನ್ನು ಬ್ರಿಟಿಷ್ ಸೇನಾಧಿಕಾರಿಯೊಬ್ಬ ವಿಚಾರಣೆಯೇ ಇಲ್ಲದೆ ಗುಂಡಿಟ್ಟು ಕೊಲ್ಲಿಸಿದ. ತಾಯಿ ಹ್ಯಾನಾ ಹೆಂಗಸರ ಮತದಾನದ ಹಕ್ಕಿಗಾಗಿ ಸೆರೆಮನೆ ಕಂಡವರು. ಅಂಥ ಮನೆಯಲ್ಲಿ ಬೆಳೆದ ಓವೆನ್ 1954ರಲ್ಲಿ ಮೇಲ್ಮನೆಗೆ ಬಂದು, ನಡುವೆ ಒಮ್ಮೆ ಸೋತು, 1970ರಲ್ಲಿ ತೀರಿಕೊಳ್ಳುವ ತನಕ ಅಲ್ಲಿದ್ದರು. ಅವರು ಹಿಡಿದ ವಿಷಯಗಳಲ್ಲಿ ಮುಖ್ಯವಾದದ್ದು ಶಾಲೆಯಲ್ಲಿ ಮಕ್ಕಳಿಗೆ ಬೀಳುತ್ತಿದ್ದ ಏಟು. ಐರ್ಲೆಂಡಿನ ಬಹುತೇಕ ಶಾಲೆಗಳು ಆಗ ಚರ್ಚಿನ ಆಡಳಿತದಲ್ಲಿದ್ದವು. ಬೆತ್ತ, ಚರ್ಮದ ಪಟ್ಟಿ ಪಾಠದ ಭಾಗವೇ ಆಗಿದ್ದವು. ಅದನ್ನು ನಿಲ್ಲಿಸಿ ಎಂದು ಒಬ್ಬ ಸದಸ್ಯ ಎದ್ದು ನಿಂತು ಹೇಳುವುದೇ ಆ ಕಾಲಕ್ಕೆ ದೊಡ್ಡ ಎದೆಗಾರಿಕೆ. ಸರ್ಕಾರ ಒಪ್ಪಲಿಲ್ಲ. ಅವರು ಮತ್ತೆ ಕೇಳಿದರು, ಮತ್ತೆ ಒಪ್ಪಲಿಲ್ಲ. ಐರ್ಲೆಂಡಿನ ಶಾಲೆಗಳಲ್ಲಿ ಹೊಡೆಯುವುದನ್ನು ಸರ್ಕಾರ ನಿಷೇಧಿಸಿದ್ದು 1982ರಲ್ಲಿ, ಅವರು ತೀರಿಕೊಂಡು ಹನ್ನೆರಡು ವರ್ಷ ಕಳೆದ ಮೇಲೆ. ಶಿಕ್ಷಕರಿಗಿದ್ದ ಕಾನೂನಿನ ರಕ್ಷಣೆ ಹೋದದ್ದು 1997ರಲ್ಲಿ.

ಅವರು ಬಿಟ್ಟ ಸ್ಥಾನಕ್ಕೆ ಉಪಚುನಾವಣೆಯಲ್ಲಿ ಬಂದವರು ಟ್ರೆವರ್ ವೆಸ್ಟ್ ಎಂಬ ಗಣಿತದ ಅಧ್ಯಾಪಕರು. ಅಷ್ಟರಲ್ಲಿ ಪಕ್ಕದ ಕುರ್ಚಿಗೆ ನಾನು ಹೇಳಿದ ಇಬ್ಬರಲ್ಲಿ ಎರಡನೆಯವರು ಬಂದಿದ್ದರು. 1969ರಲ್ಲಿ ಗೆದ್ದಾಗ ಆಕೆಗೆ ಇಪ್ಪತ್ತೈದು ವರ್ಷ, ಅದೇ ವರ್ಷ ಟ್ರಿನಿಟಿಯಲ್ಲಿ ಕಾನೂನಿನ ಪ್ರಾಧ್ಯಾಪಕಿ ಆಗಿದ್ದವರು. ಮೇರಿ ರಾಬಿನ್ಸನ್. ಅವರು ಮುಂದೆ ಐರ್ಲೆಂಡಿನ ರಾಷ್ಟ್ರಪತಿಯಾದದ್ದು ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು 1971ರ ಜುಲೈನಲ್ಲಿ ಅವರು ಕಂಡ ಸೋಲಿನ ಬಗ್ಗೆ.

ಗರ್ಭನಿರೋಧಕಗಳನ್ನು ಮಾರುವುದನ್ನೂ ಮಾರಾಟಕ್ಕೆ ತರಿಸುವುದನ್ನೂ ಐರ್ಲೆಂಡ್ 1935ರ ಒಂದು ಕಾನೂನಿನಲ್ಲಿ ಅಪರಾಧ ಮಾಡಿಟ್ಟಿತ್ತು. ಅವುಗಳ ಬಳಕೆಗೆ ಪ್ರೋತ್ಸಾಹ ಕೊಡುವ ಪುಸ್ತಕಗಳನ್ನು ಅದಕ್ಕೂ ಮುಂಚೆ, 1929ರ ಸೆನ್ಸಾರ್ ಕಾನೂನಿನಲ್ಲೇ ನಿಷೇಧಿಸಲಾಗಿತ್ತು. ವರ್ಷ ವರ್ಷವೂ ಹೆತ್ತು ಬಡವಾದ ಹೆಂಗಸರ ಕಷ್ಟ ವೈದ್ಯರಿಗೆಲ್ಲ ಗೊತ್ತಿತ್ತು, ಆದರೆ ಸದನದಲ್ಲಿ ಅದರ ಮಾತೆತ್ತುವವರಿರಲಿಲ್ಲ. ರಾಬಿನ್ಸನ್, ವೆಸ್ಟ್, ನ್ಯಾಷನಲ್ ಯೂನಿವರ್ಸಿಟಿಯಿಂದ ಬಂದಿದ್ದ ಜಾನ್ ಹೊರ್ಗನ್ ಮೂವರೂ ಸೇರಿ ಆ ಕಾನೂನನ್ನು ಬದಲಿಸುವ ಮಸೂದೆ ಸಿದ್ಧಮಾಡಿದರು. ಡಬ್ಲಿನ್ನಿನ ಆರ್ಚ್‌ಬಿಷಪ್ ಮೆಕ್‌ಕ್ವೇಡ್ ತಮ್ಮ ಚರ್ಚುಗಳಲ್ಲೆಲ್ಲ ಓದಿಸಿದ ಪತ್ರದಲ್ಲಿ, ಇಂಥ ಕಾನೂನು ಬಂದರೆ ಅದು ದೇಶಕ್ಕೆ ಶಾಪ ಎಂದರು. ರಾಬಿನ್ಸನ್ ಅವರಿಗೆ ಬೈಗುಳದ ಪತ್ರಗಳ ಹೊರೆಯೇ ಬಂತು. ಮೇಯೋ ಕೌಂಟಿಯ ಅವರ ತವರೂರಿನಲ್ಲಿ, ತಂದೆತಾಯಿ ಚರ್ಚಿನಲ್ಲಿ ಕೂತಿದ್ದಾಗಲೇ ವೇದಿಕೆಯಿಂದ ಮಗಳ ಖಂಡನೆ ನಡೆಯಿತು.

ಆಮೇಲೆ ಸದನದಲ್ಲಿ ಆದದ್ದು ನನ್ನನ್ನು ಇಂದಿಗೂ ಕಲಕುತ್ತದೆ. ಮಸೂದೆಗೆ ಮೊದಲ ಓದು ಎಂಬುದೊಂದಿರುತ್ತದೆ. ಮಸೂದೆಯನ್ನು ಅಚ್ಚು ಹಾಕಿಸಿ ಸದಸ್ಯರ ಕೈಗೆ ಕೊಡಲು ಸದನ ಕೊಡುವ ಒಪ್ಪಿಗೆ ಅದು. ಚರ್ಚೆ ಆಮೇಲೆ, ವಿರೋಧವೂ ಆಮೇಲೆ. ಈ ಮಸೂದೆಗೆ ಆ ಒಪ್ಪಿಗೆಯೂ ಸಿಗಲಿಲ್ಲ. 25 ಮತಗಳು ಬೇಡ ಎಂದವು, 14 ಬೇಕು ಎಂದವು. ದೇಶದ ಅರ್ಧದಷ್ಟು ಜನರ ಬದುಕಿಗೆ ಸಂಬಂಧಿಸಿದ ಮಸೂದೆಯನ್ನು ಓದಿ ನೋಡಲೂ ಒಲ್ಲೆವೆಂದು ಸದನ ತೀರ್ಮಾನಿಸಿತು. ಕೆಳಮನೆಯಲ್ಲಿ ದೊಡ್ಡ ಪಕ್ಷಗಳ ಯಾರೂ ಕೈಹಾಕಲು ಸಿದ್ಧರಿಲ್ಲದ ವಿಷಯಕ್ಕೆ ಮೂವರು ವಿಶ್ವವಿದ್ಯಾಲಯದ ಸದಸ್ಯರು ಕೈಹಾಕಿದ್ದರು ಎಂಬುದನ್ನು ಮರೆಯಬಾರದು. ಪಕ್ಷದಲ್ಲಿರುವವರಿಗೆ ಮುಂದಿನ ಚುನಾವಣೆಯ ಟಿಕೆಟ್ ಇದೆ, ಊರಿನ ಪಾದ್ರಿ ಇದ್ದಾರೆ, ನಾಯಕರ ಮುಖ ನೋಡಬೇಕಾದ ಹಂಗಿದೆ. ಈ ಮೂವರಿಗೆ ಆ ಹಂಗು ಇರಲಿಲ್ಲ. ಮೇಲ್ಮನೆಯಲ್ಲಿ ಪಕ್ಷೇತರರಿಗೆ ಜಾಗ ಇರಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ.

ರಾಬಿನ್ಸನ್ ಅಲ್ಲಿಗೆ ಬಿಡಲಿಲ್ಲ. 1973ರ ಡಿಸೆಂಬರಿನಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್, ಗಂಡಹೆಂಡಿರು ಏನು ಬಳಸಬೇಕು ಎಂಬುದರಲ್ಲಿ ಸರ್ಕಾರ ತಲೆಹಾಕುವಂತಿಲ್ಲ ಎಂದು ಮೆಗೀ ಎಂಬ ಮಹಿಳೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅದೇ ಸುಮಾರಿಗೆ ಅವರು ಇನ್ನೊಂದು ಮಸೂದೆ ತಂದರು. ಈ ಸಲ ಅದು ಚರ್ಚೆಗೆ ಬಂತು, ಬಂದು ಸೋತಿತು. 1974ರಲ್ಲಿ ಸರ್ಕಾರವೇ ತನ್ನದೊಂದು ಮಸೂದೆ ತಂದಾಗ ಪ್ರಧಾನಿ ಲಿಯಾಂ ಕಾಸ್ಗ್ರೇವ್ ತಮ್ಮ ಸರ್ಕಾರದ ಮಸೂದೆಯ ವಿರುದ್ಧ ತಾವೇ ಮತ ಹಾಕಿದರು. ಅದೂ ಬಿತ್ತು. ಕೊನೆಗೆ ವೈದ್ಯರ ಚೀಟಿ ಇದ್ದರೆ ಕೊಳ್ಳಬಹುದು ಎಂಬ ಕಾನೂನು ಬಂದದ್ದು 1979ರಲ್ಲಿ, ಹದಿನೆಂಟು ದಾಟಿದವರಿಗೆ ಚೀಟಿಯಿಲ್ಲದೆ ಕೆಲವು ಸಾಧನಗಳು ದೊರೆತದ್ದು 1985ರಲ್ಲಿ. ಈ ನಡುವೆ 1976ರಲ್ಲಿ ರಾಬಿನ್ಸನ್ ಲೇಬರ್ ಪಕ್ಷ ಸೇರಿದ್ದರು. ಬ್ರಿಟನ್ನಿನ ಜೊತೆ ಆದ ಆಂಗ್ಲೋ-ಐರಿಷ್ ಒಪ್ಪಂದದ ವಿಚಾರದಲ್ಲಿ ಮನಸ್ಸು ಒಪ್ಪದೆ 1985ರಲ್ಲಿ ಅದನ್ನು ಬಿಟ್ಟು ಮತ್ತೆ ಪಕ್ಷೇತರರಾದರು.

ಈಗ ನಾರಿಸ್ ಅವರ ವಿಷಯ. ಗಂಡಸರಿಬ್ಬರ ನಡುವಿನ ದೈಹಿಕ ಸಂಬಂಧ ಐರ್ಲೆಂಡಿನಲ್ಲಿ ಅಪರಾಧವಾಗಿತ್ತು. ಬ್ರಿಟಿಷರು 1861ರಲ್ಲಿ ಮಾಡಿದ ಕಾನೂನೂ, ಆಸ್ಕರ್ ವೈಲ್ಡ್ ಅವರನ್ನು ಸೆರೆಮನೆಗೆ ಕಳಿಸಿದ 1885ರ ಕಾನೂನೂ ಸ್ವತಂತ್ರ ಐರ್ಲೆಂಡಿನ ಪುಸ್ತಕದಲ್ಲಿ ಹಾಗೇ ಉಳಿದಿದ್ದವು. ಇಂಥ ಸಂಬಂಧವನ್ನು ಅಪರಾಧ ಎಂದಿದ್ದ ನಮ್ಮ ಹಿಂದಿನ ದಂಡಸಂಹಿತೆಯ 377ನೇ ವಿಧಿ 1860ರದು. ಎರಡೂ ಒಂದೇ ಆಡಳಿತದ, ಒಂದೇ ಕಾಲದ ಕೂಸುಗಳು. ನಾರಿಸ್ ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡವರು. ಅವರ ಮೇಲೆ ಯಾರೂ ಮೊಕದ್ದಮೆ ಹೂಡಿರಲಿಲ್ಲ. ಆದರೆ ಅಂಥ ಕಾನೂನು ಇರುವುದೇ ತನ್ನ ಬದುಕಿನ ಮೇಲೆ ಸದಾ ತೂಗುವ ಬೆದರಿಕೆ ಎಂದು ಅವರೇ ನ್ಯಾಯಾಲಯಕ್ಕೆ ಹೋದರು. 1980ರಲ್ಲಿ ಹೈಕೋರ್ಟಿನಲ್ಲಿ ಸೋತರು. 1983ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮೂವರು ನ್ಯಾಯಾಧೀಶರು ವಿರುದ್ಧ, ಇಬ್ಬರು ಪರ. ಮುಖ್ಯ ನ್ಯಾಯಾಧೀಶರ ತೀರ್ಪು ಸಂವಿಧಾನದ ಕ್ರೈಸ್ತ ನೆಲೆಯನ್ನು ಆಧಾರವಾಗಿ ಹಿಡಿದಿತ್ತು.

ನ್ಯಾಯಾಲಯದಲ್ಲಿ ಸೋಲುತ್ತಲೇ ಅವರು ಮೇಲ್ಮನೆಯ ಚುನಾವಣೆಗೂ ನಿಲ್ಲುತ್ತಿದ್ದರು. ಹಲವು ಬಾರಿ ಸೋತು 1987ರಲ್ಲಿ ಗೆದ್ದರು. ಐರ್ಲೆಂಡಿನಲ್ಲಿ ತನ್ನ ಲೈಂಗಿಕತೆಯನ್ನು ಮುಚ್ಚಿಡದೆ ಸಾರ್ವಜನಿಕ ಹುದ್ದೆಗೆ ಚುನಾಯಿತರಾದ ಮೊದಲಿಗರು ಅವರೇ. ಮರುವರ್ಷ ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಅವರ ಪರವಾಗಿ ವಾದಿಸಿದ ವಕೀಲೆ ಮೇರಿ ರಾಬಿನ್ಸನ್. ಆ ಹೊತ್ತಿಗೆ ಇಬ್ಬರೂ ಟ್ರಿನಿಟಿಯ ಪಕ್ಷೇತರ ಸದಸ್ಯರು. ಒಂದೇ ಸದನದ ಇಬ್ಬರು, ಒಬ್ಬರು ದೂರುದಾರರಾಗಿ ಇನ್ನೊಬ್ಬರು ವಕೀಲರಾಗಿ, ತಮ್ಮ ದೇಶದ ಕಾನೂನಿನ ವಿರುದ್ಧ ಹೊರನಾಡಿನ ನ್ಯಾಯಪೀಠದ ಮುಂದೆ ನಿಂತಿದ್ದರು. ಪಕ್ಷದ ಶಿಸ್ತಿಗೆ ಒಳಪಟ್ಟ ಇಬ್ಬರು ಹೀಗೆ ನಿಂತದ್ದನ್ನು ಊಹಿಸಿಕೊಳ್ಳಲು ನನಗಾಗುವುದಿಲ್ಲ. 1988ರ ಅಕ್ಟೋಬರ್ 26ರಂದು ತೀರ್ಪು ಬಂತು. ಎಂಟು ನ್ಯಾಯಾಧೀಶರು ನಾರಿಸ್ ಪರ, ಆರು ವಿರುದ್ಧ. ಮೊಕದ್ದಮೆ ಹೂಡದೇ ಇದ್ದರೂ ಕಾನೂನು ಇರುವುದೇ ಖಾಸಗಿ ಬದುಕಿನ ಮೇಲಿನ ಹಸ್ತಕ್ಷೇಪ ಎಂದು ನ್ಯಾಯಾಲಯ ಒಪ್ಪಿತು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರಿನಲ್ಲಿ ನವತೇಜ್ ಜೋಹರ್ ಮೊಕದ್ದಮೆಯಲ್ಲಿ 377ನೇ ವಿಧಿಯ ಆ ಭಾಗವನ್ನು ತೆಗೆದುಹಾಕಿದಾಗ ಈ ನಾರಿಸ್ ತೀರ್ಪನ್ನೂ ಉಲ್ಲೇಖಿಸಿತು.

ತೀರ್ಪು ಬಂದರೂ ಡಬ್ಲಿನ್ನಿನಲ್ಲಿ ಕಾನೂನು ಬದಲಾಗಲು ಇನ್ನೂ ಸುಮಾರು ಐದು ವರ್ಷ ಹಿಡಿಯಿತು. ಯಾವ ಸರ್ಕಾರಕ್ಕೂ ಅದನ್ನು ಮುಟ್ಟುವ ಮನಸ್ಸಿರಲಿಲ್ಲ. ಇಲ್ಲಿ ಬರುತ್ತದೆ ಪಕ್ಷೇತರ ಸದಸ್ಯನ ದಿನನಿತ್ಯದ ಕೆಲಸ. ಪ್ರತಿದಿನ ಕಲಾಪ ಶುರುವಾಗುವಾಗ ಆ ದಿನದ ಕಾರ್ಯಸೂಚಿಯ ಮೇಲೆ ಮಾತಿಗೆ ಅವಕಾಶ ಇರುತ್ತದೆ. ನಮ್ಮ ಶೂನ್ಯವೇಳೆಗೆ ಹತ್ತಿರದ ಹೊತ್ತು ಅದು. ಸರ್ಕಾರ ಯಾವ ಮಸೂದೆ ಯಾವಾಗ ತರುತ್ತದೆ ಎಂದು ಎದ್ದು ಕೇಳಬಹುದು. ದಿನದ ಕಲಾಪದಲ್ಲಿ ಒಂದು ವಿಷಯ ಎತ್ತಿ ಮಂತ್ರಿಯಿಂದ ಉತ್ತರ ಪಡೆಯುವ ದಾರಿಯೂ ಇದೆ. ನಾರಿಸ್ ಈ ಎರಡನ್ನೂ ಕೈಬಿಡಲಿಲ್ಲ. ಕೇಳಿದ ಪ್ರಶ್ನೆ ಕಡತಕ್ಕೆ ಹೋಗುತ್ತದೆ, ಉತ್ತರವೂ ಹೋಗುತ್ತದೆ, ಉತ್ತರ ಸಿಗದೇ ಹೋದದ್ದೂ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಬೇಸರದ ಕೆಲಸ. ಆದರೆ ಮಂತ್ರಿಗಳು ಬದಲಾಗುತ್ತಾರೆ, ಅಧಿಕಾರಿಗಳು ನಿವೃತ್ತರಾಗುತ್ತಾರೆ, ಕಡತ ಉಳಿಯುತ್ತದೆ, ಕೇಳುವವರೂ ಅಲ್ಲೇ ಇರುತ್ತಾರೆ. ಸಂಖ್ಯೆಯಿಲ್ಲದವರ ಕೈಯಲ್ಲಿರುವ ಬಲ ಇದೊಂದೇ ಎಂದು ನಾನು ತಿಳಿದಿದ್ದೇನೆ.

1993ರ ಜೂನ್‌ನಲ್ಲಿ ನ್ಯಾಯಾಂಗ ಮಂತ್ರಿ ಮೊಯ್ರ ಗೇಗನ್ ಕ್ವಿನ್ ಮಸೂದೆ ತಂದರು. ಒಪ್ಪಿಗೆಯ ವಯಸ್ಸನ್ನು ಎಲ್ಲರಿಗೂ ಸಮಾನವಾಗಿ ಹದಿನೇಳು ಎಂದು ಗೊತ್ತುಮಾಡಿತು. ಆಗ ಬ್ರಿಟನ್ನಿನಲ್ಲಿ ಸಲಿಂಗಿ ಗಂಡಸರಿಗೆ ಆ ವಯಸ್ಸು ಇಪ್ಪತ್ತೊಂದು. ಐರ್ಲೆಂಡ್ ತಡವಾಗಿ ಬಂದರೂ ಮುಂದೆ ಹೋಗಿ ನಿಂತಿತು. ಮೇಲ್ಮನೆಯಲ್ಲಿ ಮಸೂದೆ ಚರ್ಚೆಗೆ ಬಂದಾಗ ಅದರ ಮೇಲೆ ಮಾತನಾಡಿದವರಲ್ಲಿ ನಾರಿಸ್ ಒಬ್ಬರು: ಅಷ್ಟು ಹೊತ್ತಿನ ತನಕ ಕಾನೂನಿನ ಕಣ್ಣಿಗೆ ಅಪರಾಧಿಯಾಗಿದ್ದವರು, ಕಾನೂನು ಮಾಡುವ ಸದನದಲ್ಲೇ ನಿಂತು ಆ ಕಾನೂನು ಹೋಗುವುದನ್ನು ನೋಡಿದರು. ಜುಲೈನಲ್ಲಿ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ರಾಷ್ಟ್ರಪತಿ ಮೇರಿ ರಾಬಿನ್ಸನ್.

ನಾರಿಸ್ ಆಮೇಲೂ ಮೂವತ್ತು ವರ್ಷ ಕೂತರು. ಪೂರ್ವ ಟಿಮೋರಿನ ಜನರ ಪರವಾಗಿ, ಟಿಬೆಟಿನ ಪರವಾಗಿ ಮಾತಾಡಿದರು. 2004ರಲ್ಲಿ ಸಲಿಂಗಿ ಜೋಡಿಗಳಿಗೂ ಕಾನೂನಿನ ಮಾನ್ಯತೆ ಬೇಕೆಂದು ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ, ತಂದರು. ಅದು ಕಾನೂನಾಗಲಿಲ್ಲ. 2010ರಲ್ಲಿ ಸರ್ಕಾರ ತನ್ನದೇ ಕಾನೂನು ಮಾಡಿತು. ಅದು ಸಾಲದು ಎಂದು ಅವರು ಹೇಳುತ್ತಲೇ ಬಂದರು. 2015ರ ಮೇ 22ರಂದು ಜನಮತಗಣನೆಯಲ್ಲಿ ಶೇಕಡಾ 62 ಜನ ಮದುವೆಯ ಹಕ್ಕನ್ನೇ ಕೊಟ್ಟರು. ನಡುವೆ 2011ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತು, ಪ್ರಚಾರದಲ್ಲಿ ಎದ್ದ ವಿವಾದದಿಂದ ಹಿಂದೆ ಸರಿದು, ಮತ್ತೆ ಕಣಕ್ಕಿಳಿದು ಐದನೆಯವರಾಗಿ ಸೋತದ್ದೂ ಉಂಟು. ಸೋತ ಮೇಲೆ ಮರಳಿ ಅದೇ ಕುರ್ಚಿಗೆ ಬಂದು ಕೆಲಸ ಮುಂದುವರಿಸಿದರು.

ಇದಕ್ಕೆಲ್ಲ ಒಂದು ಹಳೆಯ ಪರಂಪರೆಯೂ ಇದೆ. ಸ್ವತಂತ್ರ ಐರ್ಲೆಂಡಿನ ಮೊದಲ ಮೇಲ್ಮನೆಯಲ್ಲಿ 1922ರಿಂದ 1928ರ ತನಕ ಕವಿ ಡಬ್ಲ್ಯೂ. ಬಿ. ಯೇಟ್ಸ್ ಇದ್ದರು. ಹೊಸ ದೇಶದ ನಾಣ್ಯಗಳ ವಿನ್ಯಾಸ ಗೊತ್ತುಮಾಡುವ ಸಮಿತಿಗೆ ಅವರೇ ಅಧ್ಯಕ್ಷರು. 1928ರಲ್ಲಿ ಕುದುರೆ, ಸಾಲ್ಮನ್ ಮೀನು, ಗೂಳಿ, ಮೊಲ, ಮರಿಗಳೊಂದಿಗಿನ ಕೋಳಿ, ಹಂದಿ ಇರುವ ನಾಣ್ಯಗಳು ಬಂದವು. ರಾಜರ ತಲೆಯಿದ್ದ ನಾಣ್ಯಗಳು ಹೋಗಿ ಪ್ರಾಣಿಗಳ ನಾಣ್ಯಗಳು ಬಂದದ್ದು ನನಗೆ ಬಹಳ ಇಷ್ಟ. ಆದರೆ ಅವರ ಹೆಸರು ಸದನದ ಚರಿತ್ರೆಯಲ್ಲಿ ಉಳಿದದ್ದು 1925ರ ಜೂನ್‌ನಲ್ಲಿ ಮಾಡಿದ ಒಂದು ಭಾಷಣದಿಂದ. ವಿಚ್ಛೇದನದ ಮಸೂದೆಗಳು ಸಂಸತ್ತಿಗೆ ಬರದಂತೆ ಬಾಗಿಲು ಮುಚ್ಚುವ ಪ್ರಯತ್ನವನ್ನು ಅವರು ವಿರೋಧಿಸಿದರು. ಬಹುಸಂಖ್ಯಾತರ ಧರ್ಮದ ನಿಯಮವನ್ನು ಎಲ್ಲರ ಮೇಲೆ ಹೇರಬೇಡಿ ಎಂಬುದು ಅವರ ವಾದದ ತಿರುಳು. ಯಾರೂ ಕಿವಿಗೊಡಲಿಲ್ಲ. 1937ರ ಸಂವಿಧಾನ ವಿಚ್ಛೇದನವನ್ನೇ ನಿಷೇಧಿಸಿತು. ಆ ನಿಷೇಧ ಹೋದದ್ದು 1995ರ ಜನಮತಗಣನೆಯಲ್ಲಿ, ಶೇಕಡಾ ಒಂದಕ್ಕೂ ಕಡಿಮೆ ಅಂಚಿನಲ್ಲಿ. ಯೇಟ್ಸ್ ಮಾತಾಡಿ ಆಗ ಎಪ್ಪತ್ತು ವರ್ಷ.

2013ರಲ್ಲಿ ಸರ್ಕಾರ ಈ ಮೇಲ್ಮನೆಯನ್ನೇ ರದ್ದು ಮಾಡಲು ಜನರ ಮುಂದೆ ಹೋಯಿತು. ವರ್ಷಕ್ಕೆ ಎರಡು ಕೋಟಿ ಯೂರೋ ಉಳಿಯುತ್ತದೆ ಎಂಬುದು ಮುಖ್ಯ ವಾದ. ಆದರೆ ಮತ ಹಾಕಿದವರಲ್ಲಿ ಶೇಕಡಾ 51.7 ಜನ ರದ್ದು ಬೇಡ ಎಂದರು. ಸದನ ಉಳಿಯಿತು. ಮಸೂದೆಯನ್ನು 90 ದಿನ ತಡೆಹಿಡಿಯುವುದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲದ ಸದನ ಅದು, ಅದರ ಆರು ಸ್ಥಾನಗಳಿಗೆ ಪದವೀಧರರಿಗೆ ಮಾತ್ರ ಮತ ಕೊಡುವುದು ಸರಿಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಎರಡೇ ವಿಶ್ವವಿದ್ಯಾಲಯಗಳಿಗೆ ಸೀಮಿತವಾಗಿದ್ದ ಈ ಹಕ್ಕನ್ನು ಉಳಿದವುಗಳಿಗೂ ಹಂಚಬಹುದು ಎಂದು ಜನ 1979ರಲ್ಲೇ ಸಂವಿಧಾನ ತಿದ್ದಿದ್ದರು. ಸರ್ಕಾರಗಳು ಕಾನೂನು ಮಾಡಲಿಲ್ಲ. ಲಿಮೆರಿಕ್ ವಿಶ್ವವಿದ್ಯಾಲಯದ ಪದವೀಧರರೊಬ್ಬರು ನ್ಯಾಯಾಲಯಕ್ಕೆ ಹೋಗಿ 2023ರಲ್ಲಿ ಗೆದ್ದ ಮೇಲೆ, 2024ರಲ್ಲಿ ಆರು ಸ್ಥಾನಗಳ ಒಂದೇ ಉನ್ನತ ಶಿಕ್ಷಣ ಕ್ಷೇತ್ರ ರಚಿಸುವ ಕಾನೂನು ಬಂತು. ಮತದಾರರು ಹೆಚ್ಚುತ್ತಾರೆ, ಅದು ಸಂತೋಷವೇ. ದೊಡ್ಡ ಕ್ಷೇತ್ರಕ್ಕೆ ಪಕ್ಷಗಳ ಹಣವೂ ಕಾರ್ಯಕರ್ತರೂ ಬಂದು, ಕಾಗದ ಬರೆದು ಗೆಲ್ಲುತ್ತಿದ್ದವರಿಗೆ ಜಾಗವಿಲ್ಲದಂತೆ ಆಗದಿರಲಿ ಎಂಬ ಆತಂಕವೂ ನನಗಿದೆ.

ಈ ಐರಿಷ್ ಸದನಕ್ಕೂ ನಮಗೂ ರಕ್ತಸಂಬಂಧವೇ ಇದೆ. ಸಂವಿಧಾನ ರಚನೆಯ ಕಾಲದಲ್ಲಿ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಡಬ್ಲಿನ್ನಿನಲ್ಲಿ ಆಗಿನ ಐರಿಷ್ ಪ್ರಧಾನಿ ಈಮನ್ ಡಿ ವಲೇರಾ ಅವರನ್ನು ಕಂಡರು. ನಮ್ಮ ರಾಜ್ಯನೀತಿಯ ನಿರ್ದೇಶಕ ತತ್ವಗಳು ಐರ್ಲೆಂಡಿನಿಂದ ಬಂದವು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಯವರಲ್ಲಿ ಹನ್ನೆರಡು ಮಂದಿಯನ್ನು ರಾಷ್ಟ್ರಪತಿಗಳು ರಾಜ್ಯಸಭೆಗೆ ನಾಮಕರಣ ಮಾಡುವ ಕಲ್ಪನೆಯ ಬೇರೂ ಅಲ್ಲಿಯದೇ.

1952ರಲ್ಲಿ ಹೀಗೆ ಬಂದ ಮೊದಲ ತಂಡದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಇದ್ದರು. ಕಲಾಕ್ಷೇತ್ರ ಕಟ್ಟಿದ ಆ ನೃತ್ಯಗಾತಿ ಪ್ರಾಣಿಗಳ ಮೇಲಿನ ಕ್ರೌರ್ಯದ ವಿರುದ್ಧ 1953ರಲ್ಲಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಸಮಗ್ರ ಕಾನೂನು ಮಾಡುತ್ತದೆ ಎಂದು ನೆಹರೂ ಮಾತು ಕೊಟ್ಟಿದ್ದರಿಂದ ಅದನ್ನು ಹಿಂದಕ್ಕೆ ಪಡೆದರು. ಆ ಮಾತು 1960ರಲ್ಲಿ ಕಾನೂನಾಯಿತು. ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆ ಅವರೇ ಆದರು. ಇನ್ನು ಚುನಾಯಿತ ಪಕ್ಷೇತರರಲ್ಲಿ ನೆನೆಯಬೇಕಾದವರು ಹೃದಯನಾಥ ಕುಂಜ್ರು. 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದವರು. ಕನ್ನಡಿಗರಿಗೆ ಅವರ ಋಣವೂ ಉಂಟು: ಫಜಲ್ ಅಲಿ, ಪಣಿಕ್ಕರ್ ಜೊತೆಗೆ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಅವರೊಬ್ಬರು. ಕನ್ನಡ ಮಾತನಾಡುವ ಪ್ರದೇಶಗಳನ್ನು ಒಂದುಗೂಡಿಸಬೇಕೆಂದು 1955ರಲ್ಲಿ ಶಿಫಾರಸು ಮಾಡಿದ್ದು ಆ ಆಯೋಗ.

ಇವತ್ತು ರಾಜ್ಯಸಭೆಗೆ ಪಕ್ಷೇತರರಾಗಿ ಆರಿಸಿಬರುವ ದಾರಿ ಬಹಳ ಕಿರಿದಾಗಿದೆ. ಹತ್ತು ಶಾಸಕರು, ಇಲ್ಲವೇ ಒಟ್ಟು ಶಾಸಕರ ಹತ್ತನೇ ಒಂದು ಪಾಲು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಹೆಸರು ಸೂಚಿಸಬೇಕು. 2003ರಿಂದ ಪಕ್ಷದ ಶಾಸಕರು ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕು. ಹೀಗಾಗಿ ಪಕ್ಷಗಳು ತಮ್ಮ ಮಿಕ್ಕ ಮತಗಳನ್ನು ಕೊಟ್ಟರಷ್ಟೇ ಪಕ್ಷೇತರರು ಗೆಲ್ಲುತ್ತಾರೆ, ಗೆದ್ದವರ ಮೇಲೆ ಆ ಋಣ ಉಳಿಯುತ್ತದೆ. ಚರ್ಚೆಯ ಹೊತ್ತನ್ನು ಪಕ್ಷಗಳ ಬಲದ ಮೇಲೆ ಹಂಚುವುದರಿಂದ ಒಂಟಿ ಸದಸ್ಯರಿಗೆ ಉಳಿಯುವುದು ಕೆಲವೇ ನಿಮಿಷ. ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ ಖಾಸಗಿ ಮಸೂದೆ, ನಿರ್ಣಯಗಳಿಗೆ ಮೀಸಲು. ಗದ್ದಲದಿಂದ, ಸದಸ್ಯರು ಊರಿಗೆ ಹೊರಡುವುದರಿಂದ ಆ ಹೊತ್ತು ಹಾಳಾಗುವುದನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ. ನಮ್ಮ ಸಂಸತ್ತಿನಲ್ಲಿ ಖಾಸಗಿ ಮಸೂದೆಯೊಂದು ಕೊನೆಯ ಬಾರಿ ಕಾನೂನಾದದ್ದು 1970ರಲ್ಲಿ. ತಂದವರು ಲಖನೌದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದಿದ್ದ ಆನಂದ ನಾರಾಯಣ ಮುಲ್ಲಾ, ನ್ಯಾಯಾಧೀಶರಾಗಿದ್ದ ಉರ್ದು ಕವಿ.

ಕೊನೆಗೆ ನಮ್ಮ ಮೈಸೂರಿನ ಆರ್. ಕೆ. ನಾರಾಯಣ್. 1986ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು. ಸದನದಲ್ಲಿ ಅವರ ಮಾತು ಅಪರೂಪ. 1989ರಲ್ಲಿ ಎದ್ದು ನಿಂತು ಮಾಡಿದ ಮೊದಲ ಭಾಷಣ ಪೂರ್ತಿ ಶಾಲಾಮಕ್ಕಳ ಚೀಲದ ಬಗ್ಗೆ ಇತ್ತು. ಬೆಳಿಗ್ಗೆ ಎಬ್ಬಿಸಿ, ಸಿಂಗರಿಸಿ, ಹೊರೆ ಹೊರಿಸಿ ಕಳಿಸುವ ಮಗು ಬೆನ್ನು ಬಾಗಿಸಿಕೊಂಡು ನಡೆಯುವುದನ್ನು ಅವರು ಸದನದ ಕಣ್ಣಿಗೆ ಕಟ್ಟಿದರು. ಈ ಚೀಲವನ್ನೇ ತೆಗೆದುಹಾಕಿ ಎಂದು ಕೇಳಿದರು. ಅದರ ಹಿಂದೆಯೇ ಎದ್ದ ಚರ್ಚೆಯಿಂದ 1992ರಲ್ಲಿ ವಿಜ್ಞಾನಿ ಯಶ್ ಪಾಲ್ ಅವರ ಸಮಿತಿ ರಚನೆಯಾಯಿತು, ಮರುವರ್ಷ ವರದಿ ಬಂತು. ಚೀಲದ ತೂಕಕ್ಕಿಂತ, ಅರ್ಥವಾಗದ್ದನ್ನು ಉರು ಹೊಡೆಯುವ ಹೊರೆ ದೊಡ್ಡದು ಎಂದು ಸಮಿತಿ ಕಂಡುಕೊಂಡಿತು. ನಾರಾಯಣ್ ಅವರ ಅವಧಿ ಅಷ್ಟರಲ್ಲಿ ಮುಗಿದಿತ್ತು. ವರದಿಯನ್ನು ಹಿಡಿದು ಸದನದಲ್ಲಿ ವರ್ಷ ವರ್ಷವೂ ಕೇಳುವ ಕೆಲಸವನ್ನು, ನಾರಿಸ್ ಕೇಳಿದಂತೆ ಪಟ್ಟು ಬಿಡದೆ ಕೇಳುವ ಕೆಲಸವನ್ನು, ಯಾರಾದರೂ ಮೈಮೇಲೆ ಹಾಕಿಕೊಂಡಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕರ್ನಾಟಕ ಸರ್ಕಾರ ಚೀಲದ ತೂಕಕ್ಕೆ ಮಿತಿ ಹಾಕಿ ಸುತ್ತೋಲೆ ಹೊರಡಿಸಿದ್ದು 2019ರಲ್ಲಿ: ಒಂದು, ಎರಡನೇ ತರಗತಿಗೆ ಎರಡು ಕಿಲೋ ಮೀರಬಾರದು, ಹತ್ತನೇ ತರಗತಿಗೆ ಐದು ಕಿಲೋ ಮೀರಬಾರದು. ಭಾಷಣಕ್ಕೂ ಸುತ್ತೋಲೆಗೂ ನಡುವೆ ಮೂವತ್ತು ವರ್ಷ. ನಿಮ್ಮ ಮನೆಯ ಮಗುವಿನ ಚೀಲವನ್ನು ಒಮ್ಮೆ ತಕ್ಕಡಿಗೆ ಇಟ್ಟು ನೋಡಿ. ತೂಕ ಮಿತಿ ಮೀರಿದ್ದರೆ ನಿಮ್ಮ ಭಾಗದ ವಿಧಾನ ಪರಿಷತ್ ಸದಸ್ಯರಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಒಂದು ಕಾಗದ ಬರೆದು ಸದನದಲ್ಲಿ ಕೇಳಿ ಎಂದು ಹೇಳಿ. ಉತ್ತರ ಬಾರದಿದ್ದರೆ ಇನ್ನೊಂದು ಬರೆಯಿರಿ.